ಸಿಡಿಲು ಬಂದ ಮೇಲೆ ಹಳೇ ಸರ್ವರ್ ಬೂಟ್ ಆಗುತ್ತಿಲ್ಲ, ‘ಕರ್ನಲ್ ಪ್ಯಾನಿಕ್’ ಅಂತಿದೆ (ಶಿರಸಿ)

ತೋಟದ್ಮನೆ
ನಮಸ್ಕಾರ. ಯಾರಾದ್ರೂ ದಾರಿ ತೋರಿಸಿ. ನಮ್ಮದೊಂದು ಸಣ್ಣ ಟ್ರಸ್ಟ್. ತಾಳಮದ್ದಲೆ, ಯಕ್ಷಗಾನದ ಹಳೇ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಇಡುತ್ತೇವೆ. ಅದಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಡೆಲ್ ಪವರ್‌ಎಡ್ಜ್ ಆರ್710 ಇದೆ. ಪರ್ಕ್ 6/ಐ ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಜೋಡಿಸಿ ನಡೆಸುವ ಕಾರ್ಡ್). ಮೊದಲು ಡೆಬಿಯನ್ ಲಿನಕ್ಸ್ 9 ಹಾಕಿದ್ದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿಸಿ ಈಗ 12ರಲ್ಲಿದೆ. ಆಫ್ ಮಾಡುವ ಪದ್ಧತಿಯೇ ಇಲ್ಲ.

ಮೊನ್ನೆ ಸಂಜೆ ಜೋರು ಗುಡುಗು, ಸಿಡಿಲು. ಕರೆಂಟು ಹೋಯ್ತು, ರಾತ್ರಿ ಯುಪಿಎಸ್ ಬ್ಯಾಟರಿಯೂ ಖಾಲಿ. ಬೆಳಿಗ್ಗೆ ಆನ್ ಮಾಡಿದರೆ ಪರದೆ ತುಂಬಾ ಬಿಳಿ ಅಕ್ಷರ. ಕೊನೆಯ ಸಾಲು ಹೀಗಿದೆ: ‘ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’.

ಪೇಟೆಯ ರಿಪೇರಿಯವರನ್ನು ಕರೆಸಿದೆವು. ಹತ್ತು ನಿಮಿಷ ನೋಡಿ ‘ಸಿಡಿಲಿಗೆ ಡಿಸ್ಕ್ ಸುಟ್ಟಿದೆ, ಹೊಸದು ತಗೊಳ್ಳಿ’ ಅಂದರು. ಹೌದಾ? ಒಳಗಿನ ರೆಕಾರ್ಡಿಂಗ್ ಹೋಗಿಯೇ ಬಿಟ್ಟಿತಾ?

ಯಾಣ_ಬಂಡೆ
ಗುಜರಿಗೆ ಹಾಕಿ ಮಾರಾಯ್ರೇ. ಆರ್710 ಬಂದಿದ್ದು 2009ರಲ್ಲಿ. ಅದರ ಆಯುಷ್ಯ ಎಂದೋ ಮುಗಿದಿದೆ.

ಕರಿಇಷಾಡ
ನಮ್ಮ ಅಂಕೋಲೆಯಲ್ಲೂ ಅವತ್ತೇ ಸಿಡಿಲು. ಪಕ್ಕದ ಮನೆಯವರ ಮೋಡೆಮ್, ಟಿವಿ ಸೆಟ್‌ಟಾಪ್ ಎರಡೂ ಢಮಾರ್. ನಿಮ್ಮದೂ ಅದೇ ಕಥೆ ಇರಬೇಕು.

ಹಳೇಕಬ್ಬಿಣ
ಡಿಸ್ಕ್ ಸುಟ್ಟಿಲ್ಲ. ಯೋಚನೆ ಮಾಡಿ ನೋಡಿ. ಕರ್ನಲ್ ಪ್ಯಾನಿಕ್ ಅಂತ ಹೇಳುತ್ತಿರುವುದು ಕರ್ನಲ್ಲೇ, ಅಂದ್ರೆ ಲಿನಕ್ಸಿನ ತಿರುಳು. ಅದು ಎಲ್ಲಿಂದ ಬಂತು? ಡಿಸ್ಕಿನಿಂದ. ಬಯಾಸ್ ಎದ್ದಿದೆ, ರೇಡ್ ಕಾರ್ಡ್ ತನ್ನ ಡಿಸ್ಕ್ ಗುರುತಿಸಿದೆ, ಗ್ರಬ್ (ಕರ್ನಲ್ಲನ್ನು ಎಬ್ಬಿಸುವ ಪ್ರೋಗ್ರಾಂ) ಬಂದಿದೆ, ಗ್ರಬ್ ಬೂಟ್ ಪಾರ್ಟಿಶನ್ ಓದಿ ಕರ್ನಲ್ಲನ್ನು ಮೆಮೊರಿಗೆ ಹಾಕಿದೆ. ಇಷ್ಟೆಲ್ಲ ಸುಟ್ಟ ಡಿಸ್ಕಿನಿಂದ ಆಗುತ್ತಾ?

(0,0) ಅಂದ್ರೆ ಕರ್ನಲ್‌ಗೆ ಒಂದೂ ಡಿಸ್ಕ್ ಕಾಣಿಸಿಲ್ಲ. ಡೆಬಿಯನ್‌ನಲ್ಲಿ ರೇಡ್ ಕಾರ್ಡಿನ ಡ್ರೈವರ್ ಕರ್ನಲ್ ಒಳಗೆ ಇರುವುದಿಲ್ಲ. ಇನಿಟ್‌ಆರ್‌ಡಿ ಅಂತ ಒಂದು ಫೈಲ್ ಇರುತ್ತೆ, ಮೆಗಾರೇಡ್ ಡ್ರೈವರ್, ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ವ್ಯವಸ್ಥೆ) ಉಪಕರಣ ಎಲ್ಲ ಅದರೊಳಗೆ. ಆ ಫೈಲ್ ಸಿಗಲಿಲ್ಲ ಅಂದ್ರೆ ಇದೇ ಮೆಸೇಜು ಬರುತ್ತೆ. ಹಾಗಾಗಿ ಸಿಡಿಲಿನ ವಿಷಯ ಬಿಡಿ. ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಶನ್ಸ್’ ಒಳಗೆ ಹೋಗಿ, ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ಏನಾಯ್ತು ಅಂತ ಇಲ್ಲಿ ಬರೆಯಿರಿ.

ಮತ್ತೆ ಒಂದು ಮಾತು, ಯಾರು ಎಷ್ಟೇ ಹೇಳಿದರೂ ಇವತ್ತು ಹೊಸದಾಗಿ ಇನ್‌ಸ್ಟಾಲ್ ಮಾಡಬೇಡಿ.

ಬನವಾಸಿ_ಬೈಟು
ಇನ್‌ಸ್ಟಾಲ್ ಮಾಡೋದೇ ಸುಲಭ ಅಲ್ವಾ? ರಾಕಿ ಲಿನಕ್ಸ್ 9 ಹಾಕಿ ಸರ್, ಎಂಟರ್‌ಪ್ರೈಸ್ ಗ್ರೇಡ್. ಡೇಟಾ ಪಾರ್ಟಿಶನ್ ಮುಟ್ಟದಿದ್ದರೆ ಆಯ್ತು.

ಅಘನಾಶಿನಿ
ತಮ್ಮಾ, ಹಾಕಿ ನೋಡು. ಇನ್‌ಸ್ಟಾಲರ್ ‘ಡಿಸ್ಕೇ ಇಲ್ಲ’ ಅನ್ನುತ್ತೆ. ರೆಡ್ ಹ್ಯಾಟ್ 8ನೇ ಆವೃತ್ತಿಯಲ್ಲೇ ಪರ್ಕ್ 5, ಪರ್ಕ್ 6 ಕಾಲದ ಕಾರ್ಡ್‌ಗಳ ಬೆಂಬಲ ತೆಗೆದು ಹಾಕಿದೆ. ಡ್ರೈವರ್ ಹೆಸರು ಅದೇ ಮೆಗಾರೇಡ್‌_ಎಸ್‌ಎಎಸ್, ಆದರೆ ಹಳೇ ಕಾರ್ಡ್‌ಗಳ ಗುರುತು ಸಂಖ್ಯೆಯನ್ನು ಪಟ್ಟಿಯಿಂದ ಅಳಿಸಿದ್ದಾರೆ. ರಾಕಿ ಅದನ್ನೇ ಅನುಸರಿಸುತ್ತೆ. ಎಲ್‌ರೆಪೋ ಅಂತ ಹೊರಗಿನವರ ಡ್ರೈವರ್ ಭಂಡಾರ ಇದೆ, ಅವರ ಡ್ರೈವರ್ ಡಿಸ್ಕ್ ಹಾಕಿಕೊಂಡರೆ ಮಾತ್ರ ಡಿಸ್ಕ್ ಕಾಣುತ್ತೆ. ರಾಕಿಯಂಥದ್ದೇ ಇನ್ನೊಂದು ಲಿನಕ್ಸ್ ಅಲ್ಮಾದವರು 9.4ರಿಂದ ಇಂಥ ಹಳೇ ಹಾರ್ಡ್‌ವೇರ್ ಕೆಲವನ್ನು ಮತ್ತೆ ಸೇರಿಸಿದ್ದಾರೆ. ಡೆಬಿಯನ್‌ನಲ್ಲಿ ಈ ತೊಂದರೆ ಇಲ್ಲ.

2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ (ರೆಡ್ ಹ್ಯಾಟ್‌ನ ಉಚಿತ ರೂಪ) ಬೆಂಬಲ ಮುಗಿಯಿತಲ್ಲ, ಆಗ ನಮ್ಮ ಕುಮಟಾ ಕಡೆ ಇದೇ ಜಾತ್ರೆ. ‘ಅಪ್‌ಗ್ರೇಡ್ ಮಾಡಿದ ಮೇಲೆ ಸರ್ವರ್ ಸತ್ತಿತು’ ಅಂತ ಎಲ್ಲರೂ ಫೋನು. ಸತ್ತಿರಲಿಲ್ಲ, ಹೊಸ ಕರ್ನಲ್‌ಗೆ ಕಾರ್ಡಿನ ಪರಿಚಯ ಇರಲಿಲ್ಲ ಅಷ್ಟೇ.

ಬನವಾಸಿ_ಬೈಟು
ಓ ಇದು ಗೊತ್ತಿರಲಿಲ್ಲ ಅಕ್ಕಾ. ಹಾಗಾದ್ರೆ ನೇರ 10?

ಅಘನಾಶಿನಿ
10ಕ್ಕೆ ಸಿಪಿಯುವೇ ಸಾಲುವುದಿಲ್ಲ. ಅದಕ್ಕೆ ಎಕ್ಸ್86-64-ವಿ3 ಬೇಕು, ಅಂದ್ರೆ ಎವಿಎಕ್ಸ್2 ಇರುವ ಹ್ಯಾಸ್‌ವೆಲ್ ಅಥವಾ ಅದರಿಂದೀಚಿನದು. ಆರ್710ರ ಝಿಯಾನ್‌ಗಳು ವಿ2ಕ್ಕೇ ನಿಲ್ಲುತ್ತವೆ. ಅಲ್ಮಾ 10ಕ್ಕೆ ಬೇರೆಯಾಗಿ ವಿ2 ಬಿಲ್ಡ್ ಇದೆ, ಅದೊಂದೇ ದಾರಿ.

ತೋಟದ್ಮನೆ
@ಹಳೇಕಬ್ಬಿಣ ಸರ್, ಗ್ರಬ್ ಮೆನು ಕಾಣುವುದೇ ಇಲ್ಲ. ಡೆಲ್ ಲೋಗೋ, ಆಮೇಲೆ ರೇಡ್ ಕಾರ್ಡಿನ ಬರಹ, ಆಮೇಲೆ ಮಾನಿಟರ್ ‘ನೋ ಸಿಗ್ನಲ್’, ಆಮೇಲೆ ನೇರ ಪ್ಯಾನಿಕ್. ಶಿಫ್ಟ್ ಒತ್ತಿ ಹಿಡಿದರೂ ಇಲ್ಲ.

ಹಳೇಕಬ್ಬಿಣ
ಮೆನು ಬರುತ್ತಿದೆ, ನಿಮ್ಮ ಮಾನಿಟರ್ ಎಚ್ಚರ ಆಗುವಷ್ಟರಲ್ಲಿ ಹೋಗುತ್ತಿದೆ. ಡೆಬಿಯನ್‌ನಲ್ಲಿ ಸಾಮಾನ್ಯವಾಗಿ 5 ಸೆಕೆಂಡ್ ಮಾತ್ರ ಅದು ಕಾಯುವುದು. ಪರದೆ ಮೋಡ್ ಬದಲಾದಾಗ ಹಳೇ ಮಾನಿಟರ್‌ಗೆ ಅಷ್ಟು ಹೊತ್ತು ಬೇಕೇ ಬೇಕು. ರೇಡ್ ಕಾರ್ಡಿನ ಬರಹ ಹೋದ ಕೂಡಲೇ ಕೆಳ ಬಾಣದ ಕೀ ಒತ್ತುತ್ತಾ ಇರಿ. ಒಮ್ಮೆ ಕೀ ಒತ್ತಿದರೆ ಕೌಂಟ್‌ಡೌನ್ ನಿಲ್ಲುತ್ತೆ. ಕೀಬೋರ್ಡನ್ನು ಹಬ್ ಮೂಲಕ ಕೊಡಬೇಡಿ, ಹಿಂದಿನ ಯುಎಸ್‌ಬಿಗೆ ನೇರ ಹಾಕಿ. ಆ ಮೆಷಿನ್ ಏಳುವುದಕ್ಕೇ ಕೆಲವು ನಿಮಿಷ ತಗೊಳ್ಳುತ್ತೆ, ಗಡಿಬಿಡಿ ಬೇಡ.

ಯಾಣ_ಬಂಡೆ
ಏಳೋಕೇ ಅಷ್ಟು ಹೊತ್ತು. ಅದಕ್ಕೇ ಹೇಳಿದ್ದು ಗುಜರಿ ಅಂತ.

ಕಾಳಿ_ದಂಡೆ
ಕಾರವಾರದಿಂದ ನನ್ನದೂ ಒಂದು. ಸಮುದ್ರದ ಗಾಳಿಗೆ ಇಲ್ಲಿ ಸರ್ವರ್ ಬೂಟ್ ಆಗದಿದ್ದರೆ ಮೊದಲು ನೋಡುವುದು ರಾಮ್. ಹೋದ ಮಳೆಗಾಲದಲ್ಲಿ ನಮ್ಮ ಆಫೀಸಿನ ಟವರ್ ಸರ್ವರ್ ಫ್ಯಾನ್ ಜೋರಾಗಿ ತಿರುಗಿಸಿಕೊಂಡು ಸುಮ್ನೆ ನಿಲ್ಲುತ್ತಿತ್ತು. ಪರದೆಗೆ ಏನೂ ಬರುತ್ತಿರಲಿಲ್ಲ. ಮುಂದಿನ ಲೈಟ್ ಮಾತ್ರ ಕಿತ್ತಳೆ. ರಾಮ್ ಕಿತ್ತು ನೋಡಿದರೆ ಚಿನ್ನದ ಬಣ್ಣದ ಕಾಲುಗಳ ಅಂಚಿನಲ್ಲಿ ಹಸಿರು ಪಾಚಿ ತರಹದ ಪುಡಿ. ಶಾಲೆ ಮಕ್ಕಳ ರಬ್ಬರ್ ತಂದು ಉಜ್ಜಿದೆ, ಎದ್ದಿತು. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ತೇವ ನಮಗಿಂತ ಕಮ್ಮಿ ಏನಲ್ಲ.

ಹಳೇಕಬ್ಬಿಣ
ರಬ್ಬರ್ ಬೇಡ ಮಾರಾಯ್ರೇ. ಆ ಚಿನ್ನದ ಲೇಪ ಬಹಳ ತೆಳು. ಉಜ್ಜಿದರೆ ಕಿತ್ತು ಬರುತ್ತೆ, ಕೆಳಗಿನ ತಾಮ್ರಕ್ಕೆ ಆಮೇಲೆ ಬೇಗ ಕಿಲುಬು ಹಿಡಿಯುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ.

ಕಾಳಿ_ದಂಡೆ
ರಾತ್ರಿ ಹೊತ್ತು ಕಾರವಾರದಲ್ಲಿ ಐಸೊಪ್ರೊಪೈಲ್ ಎಲ್ಲಿಂದ ತರಲಿ? ರಬ್ಬರ್ ಇತ್ತು, ಉಜ್ಜಿದೆ. ಇವತ್ತಿಗೂ ಓಡುತ್ತಿದೆ.

ಕರಿಇಷಾಡ
ನಿಮ್ಮಲ್ಲಿ ಬೇರೆ ಆಲ್ಕೋಹಾಲ್‌ಗೆ ಬರ ಇಲ್ಲವಲ್ಲ, ಗೋವಾ ಗಡಿ ಪಕ್ಕದಲ್ಲೇ ಇದೆ 😄

ಅಘನಾಶಿನಿ
ಎರಡೂ ಕಡೆಯವರು ಸ್ವಲ್ಪ ನಿಲ್ಲಿ. ಕರ್ನಲ್ ತನಕ ಬಂದ ಮೆಷಿನ್‌ಗೆ ರಾಮ್ ಕೀಳುವ ಅಗತ್ಯ ಈಗ ಇಲ್ಲ. ಪರದೆಗೆ ಏನೂ ಬರದಿದ್ದರೆ ರಾಮ್, ಪವರ್ ನೋಡೋಣ. ಗ್ರಬ್ ದಾಟಿದ ಮೇಲೆ ನಿಂತರೆ ಇನಿಟ್‌ಆರ್‌ಡಿ, ಡ್ರೈವರ್. ಅದನ್ನೂ ದಾಟಿ ನಿಂತರೆ ಎಫ್‌ಎಸ್‌ಟ್ಯಾಬ್ (ಏಳುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ). ಎಲ್ಲಿ ನಿಂತಿತು ಅಂತ ನೋಡದೆ ಸ್ಕ್ರೂಡ್ರೈವರ್ ಹಿಡಿದರೆ ಇಲ್ಲದ ರೋಗ ಬರುತ್ತೆ.

ತೋಟದ್ಮನೆ
ಮೆನು ಸಿಕ್ಕಿತು!! ಮೂರು ಕರ್ನಲ್ ಇದ್ದವು. ಎರಡನೆಯದು ಆರಿಸಿದೆ. ಪ್ಯಾನಿಕ್ ಇಲ್ಲ. ಸುಮಾರು ಮುಂದೆ ಹೋಯ್ತು. ಆಮೇಲೆ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಅಂತ ಒಂದೂವರೆ ನಿಮಿಷದ ಗಡಿಯಾರ. ಅದು ಮುಗಿದ ಮೇಲೆ ‘ಎಮರ್ಜೆನ್ಸಿ ಮೋಡ್’. ಕೆಳಗೆ ‘ಕೆನಾಟ್ ಓಪನ್ ಆಕ್ಸೆಸ್ ಟು ಕನ್ಸೋಲ್, ದಿ ರೂಟ್ ಅಕೌಂಟ್ ಈಸ್ ಲಾಕ್ಡ್’. ಎಂಟರ್ ಒತ್ತಿದರೆ ಮತ್ತೆ ಅದೇ. ಈಗ ಎಂತ ಮಾಡುವುದು?

ಹಳೇಕಬ್ಬಿಣ
ಒಳ್ಳೆ ಸುದ್ದಿ ಇದು. ರೂಟ್ (ಸಿಸ್ಟಮ್ ಇರುವ ಮುಖ್ಯ ಪಾರ್ಟಿಶನ್) ಮೌಂಟ್ ಆಗಿದೆ, ನಿಮ್ಮ ಡಿಸ್ಕ್ ನೆಟ್ಟಗಿದೆ. ಈಗ ಬೇರೆ ತೊಂದರೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದ ಯಾವುದೋ ಡಿಸ್ಕ್ ಸಿಗುತ್ತಿಲ್ಲ. ಹೊರಗಿನ ಯುಎಸ್‌ಬಿ ಡಿಸ್ಕ್ ಏನಾದ್ರೂ ಇತ್ತಾ?

ತೋಟದ್ಮನೆ
ಅಯ್ಯೋ ಹೌದು. ಬ್ಯಾಕಪ್ ಡಿಸ್ಕ್ ಇತ್ತು. ಗುಡುಗು ಶುರುವಾದ ಕೂಡಲೇ ನಮ್ಮ ಖಜಾಂಚಿಯವರು ಕಿತ್ತು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದಿದ್ದಾರೆ. ಅವರ ಮನೆ ಸಿದ್ದಾಪುರದ ಆಚೆ.

ಕರಿಇಷಾಡ
ಖಜಾಂಚಿ ಅಂದ್ರೆ ಹೀಗಿರಬೇಕು.

ಅಘನಾಶಿನಿ
ಅವರನ್ನು ಬೈಬೇಡಿ, ಬ್ಯಾಕಪ್ ಉಳಿದಿದ್ದು ಅವರಿಂದ. ಡಿಸ್ಕ್ ತರಿಸುವುದೂ ಬೇಡ. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟರೆ ರೂಟ್ ಖಾತೆಗೆ (ಎಲ್ಲ ಅಧಿಕಾರ ಇರುವ ಖಾತೆ) ಬೀಗ ಬೀಳುತ್ತೆ, ಎಮರ್ಜೆನ್ಸಿ ಮೋಡಿನಲ್ಲಿ ಒಳಗೇ ಬಿಡುವುದಿಲ್ಲ. ಹೀಗೆ ಮಾಡಿ (ಕಮಾಂಡನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ):

ಗ್ರಬ್‌ನಲ್ಲಿ ಅದೇ ಹಳೇ ಕರ್ನಲ್ ಮೇಲೆ ನಿಂತು ‘ಇ’ ಕೀ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಉದ್ದ ಸಾಲಿನಲ್ಲಿ ‘ಆರ್‌ಓ’ ಇರುವಲ್ಲಿ ‘ಆರ್‌ಡಬ್ಲ್ಯೂ’ ಮಾಡಿ. ಸಾಲಿನ ಕೊನೆಗೆ ಒಂದು ಸ್ಪೇಸ್ ಕೊಟ್ಟು ‘ಇನಿಟ್=/ಬಿನ್/ಬ್ಯಾಶ್’ ಸೇರಿಸಿ. ಕಂಟ್ರೋಲ್-ಎಕ್ಸ್. ಪಾಸ್‌ವರ್ಡ್ ಕೇಳದೆ ನೇರ ಶೆಲ್ ಸಿಗುತ್ತೆ. ನ್ಯಾನೋದಲ್ಲಿ ಎಫ್‌ಎಸ್‌ಟ್ಯಾಬ್ ತೆರೆದು ಆ ಯುಎಸ್‌ಬಿ ಡಿಸ್ಕಿನ ಸಾಲಿನಲ್ಲಿ ‘ಡಿಫಾಲ್ಟ್ಸ್’ ಪಕ್ಕ ಕಾಮಾ ಹಾಕಿ ‘ನೋಫೇಲ್’ ಬರೆಯಿರಿ, ಆಗ ಆ ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಲ್ಲ. ಉಳಿಸಿ, ‘ಸಿಂಕ್’, ಆಮೇಲೆ ‘ರೀಬೂಟ್ ಮೈನಸ್ ಎಫ್’. ಬದಲಾವಣೆ ಆ ಒಂದು ಬೂಟಿಗೆ ಮಾತ್ರ, ಗ್ರಬ್ ಸಾಲು ತಾನೇ ಮೊದಲಿನಂತೆ ಆಗುತ್ತೆ.

ಮುಂದಿನ ಬೂಟಿನಲ್ಲೂ ಹಳೇ ಕರ್ನಲ್ಲೇ ಆರಿಸಬೇಕು, ಮರೆಯಬೇಡಿ.

ಬನವಾಸಿ_ಬೈಟು
ಇಷ್ಟು ಸುಲಭಕ್ಕೆ ಯಾರು ಬೇಕಾದ್ರೂ ರೂಟ್ ಆಗಬಹುದಾ? ಇದು ಸೆಕ್ಯೂರಿಟಿ ಹೋಲ್ ಅಲ್ವಾ?

ಹಳೇಕಬ್ಬಿಣ
ಮೆಷಿನ್ ಮುಂದೆ ಕೀಬೋರ್ಡ್ ಹಿಡಿದು ಕೂತವನಿಗೆ ಎಲ್ಲವೂ ಹೋಲೇ. ಬೇಡ ಅಂದ್ರೆ ಗ್ರಬ್‌ಗೆ ಪಾಸ್‌ವರ್ಡ್ ಹಾಕಬೇಕು, ಡಿಸ್ಕ್ ಎನ್‌ಕ್ರಿಪ್ಟ್ ಮಾಡಬೇಕು. ಯಕ್ಷಗಾನದ ಕ್ಯಾಸೆಟ್ ಕದಿಯಲು ಯಾರೂ ಬರಲ್ಲ ಬಿಡು.

ಕರಿಇಷಾಡ
ಬರುತ್ತಾರೆ ಸ್ವಾಮಿ. ಹಳೇ ತಾಳಮದ್ದಲೆ ಆಡಿಯೋ ಸಿಗುತ್ತೆ ಅಂದ್ರೆ ನಾನೇ ಬರುತ್ತೇನೆ. ಬಡಗು ಮಾತ್ರಾ, ತೆಂಕೂ ಇದೆಯಾ?

ತೋಟದ್ಮನೆ
ಎರಡೂ ಇದೆ. ಆದರೆ ಈಗ ಅದಲ್ಲ ವಿಷಯ: ಎದ್ದಿತು!!! ಲಾಗಿನ್ ಆಯ್ತು. ಫೋಲ್ಡರ್ ಎಲ್ಲ ಇದ್ದ ಹಾಗೇ ಇವೆ. ಅಕ್ಕಾ, ಸರ್, ನಿಮ್ಮಿಬ್ಬರಿಗೂ ಒಂದೊಂದು ಕಟ್ಟು ತೊಡೆದೇವು ಗ್ಯಾರಂಟಿ.

ಈಗ ಹೊಸ ಕರ್ನಲ್ ಯಾಕೆ ಏಳುತ್ತಿಲ್ಲ ಅಂತ ನೋಡಬೇಕು. ರಿಪೇರಿಯವರು ಫೋನಿನಲ್ಲಿ ಇನ್ನೂ ಸಿಡಿಲು ಅಂತಲೇ ಹೇಳುತ್ತಿದ್ದಾರೆ.

ಹಳೇಕಬ್ಬಿಣ
‘ಡಿಎಫ್ ಮೈನಸ್ ಎಚ್’ ಕೊಟ್ಟು ಬೂಟ್ ಪಾರ್ಟಿಶನ್ ಎಷ್ಟು ತುಂಬಿದೆ ಹೇಳಿ.

ತೋಟದ್ಮನೆ
ಒಟ್ಟು 236 ಎಂಬಿ. ಬಳಕೆ 100%.

ಹಳೇಕಬ್ಬಿಣ
ಅಲ್ಲಿದೆ ನೋಡಿ.

ಹಳೇ ಡೆಬಿಯನ್ ಇನ್‌ಸ್ಟಾಲರ್ ಎಲ್‌ವಿಎಂ ಜೊತೆ ಹಾಕಿದರೆ ಬೂಟ್‌ಗೆ ಕೊಡುತ್ತಿದ್ದದ್ದು ಇಷ್ಟೇ. ಡೆಬಿಯನ್ 9ರ ಕಾಲಕ್ಕೆ ಸಾಕಾಗುತ್ತಿತ್ತು. ಈಗ ಒಂದೊಂದು ಇನಿಟ್‌ಆರ್‌ಡಿ 40–60 ಎಂಬಿ ಇರುವುದು ಸಾಮಾನ್ಯ. ಎರಡು ಕರ್ನಲ್ ಹಿಡಿಯುತ್ತೆ, ಮೂರನೆಯದು ಬಂದಾಗ ಜಾಗ ಮುಗಿಯುತ್ತೆ. ತಾನೇ ಅಪ್‌ಡೇಟ್ ಆಗುವ ವ್ಯವಸ್ಥೆ ರಾತ್ರಿ ಹೊಸ ಕರ್ನಲ್ ತಂದಿದೆ, ಇನಿಟ್‌ಆರ್‌ಡಿ ಬರೆಯಲು ಜಾಗ ಸಾಲದೆ ಅರ್ಧಕ್ಕೇ ಕೈಬಿಟ್ಟಿದೆ. ಎರರ್ ಯಾವುದೋ ಲಾಗ್ ಫೈಲಿನಲ್ಲಿ ಬಿದ್ದಿರುತ್ತೆ, ಯಾರು ಓದುತ್ತಾರೆ? ಸರ್ವರ್ ಮಾತ್ರ ಹಳೇ ಕರ್ನಲ್ ಮೇಲೆ ಆರಾಮಾಗಿ ಓಡುತ್ತಿತ್ತು. ಬೂಟ್ ಆಗದ ಸ್ಥಿತಿ ಆ ರಾತ್ರಿಯೇ ಬಂದಿತ್ತು. ಸಿಡಿಲು ಮಾಡಿದ್ದು ರೀಬೂಟ್ ಒಂದೇ.

ರೀಬೂಟ್ ಮಾಡದ ಸರ್ವರ್ ಅಂದ್ರೆ ನನಗೆ ಹೆದರಿಕೆ ಅದಕ್ಕೇ. ಜನ ‘ನಾಲ್ಕು ವರ್ಷ ಅಪ್‌ಟೈಮ್’ ಅಂತ ಹೆಮ್ಮೆಯಿಂದ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಆ ನಾಲ್ಕು ವರ್ಷದಲ್ಲಿ ಏನೇನು ಮುರಿದಿದೆ ಅಂತ ಯಾರಿಗೂ ಗೊತ್ತಿರಲ್ಲ.

ಬನವಾಸಿ_ಬೈಟು
ಒಂದು ಡೌಟು. ಇನಿಟ್‌ಆರ್‌ಡಿ ಆಗದಿದ್ದರೆ ಕರ್ನಲ್ ಇನ್‌ಸ್ಟಾಲೇ ಫೇಲ್ ಆಗಬೇಕಲ್ವಾ? ಗ್ರಬ್ ಮೆನುವಿಗೆ ಅದು ಹೇಗೆ ಬಂತು?

ಅಘನಾಶಿನಿ
ಒಳ್ಳೆ ಪ್ರಶ್ನೆ ತಮ್ಮಾ. ಪ್ಯಾಕೇಜ್ ಅರ್ಧ ಕಾನ್ಫಿಗರ್ ಆಗಿ ನಿಂತಿರುತ್ತೆ, ಆದರೆ ಕರ್ನಲ್ ಫೈಲ್ ಅದಾಗಲೇ ಬೂಟ್‌ನಲ್ಲಿ ಬಿಚ್ಚಿಕೊಂಡಿರುತ್ತೆ. ಆಮೇಲೆ ಯಾವತ್ತೋ ಬೇರೆ ಕಾರಣಕ್ಕೆ ‘ಅಪ್‌ಡೇಟ್-ಗ್ರಬ್’ ಓಡುತ್ತೆ. ಅದು ಕಂಡ ಕರ್ನಲ್‌ಗಳನ್ನೆಲ್ಲ ಮೆನುವಿಗೆ ಸೇರಿಸುತ್ತೆ. ಇನಿಟ್‌ಆರ್‌ಡಿ ಇಲ್ಲ ಅಂದ್ರೆ ಆ ಸಾಲು ಬಿಟ್ಟು ಬರೆಯುತ್ತೆ, ಗಲಾಟೆ ಮಾಡಲ್ಲ. ಹೊಸ ಸಂಖ್ಯೆಯದ್ದೇ ಮೊದಲ ಆಯ್ಕೆ. ಬೂಟ್ ಮಾಡಿದರೆ (0,0).

@ತೋಟದ್ಮನೆ ಬೂಟ್ ಫೋಲ್ಡರಿನಲ್ಲಿ ಕೈಗೆ ಸಿಕ್ಕಿದ್ದು ಅಳಿಸಬೇಡಿ. ಮೊದಲು ‘ಯುನೇಮ್ ಮೈನಸ್ ಆರ್’ ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದು ನೋಡಿಕೊಳ್ಳಿ, ಅದನ್ನು ಮುಟ್ಟಬಾರದು. ಎಲ್ಲಕ್ಕಿಂತ ಹಳೆಯದನ್ನು ಆಪ್ಟ್ (ಡೆಬಿಯನ್‌ನ ಪ್ಯಾಕೇಜ್ ಉಪಕರಣ) ಮೂಲಕ ‘ಪರ್ಜ್’ ಮಾಡಿ, ಅಂದ್ರೆ ಪೂರ್ತಿ ತೆಗೆಯಿರಿ. ಆಮೇಲೆ ‘ಡಿಪಿಕೆಜಿ ಕಾನ್ಫಿಗರ್ ಮೈನಸ್ ಎ’. ಅದು ಅರ್ಧ ನಿಂತ ಕೆಲಸ ಮುಗಿಸಿ ಇನಿಟ್‌ಆರ್‌ಡಿ ಬರೆಯುತ್ತೆ. ‘ಎಲ್‌ಎಸ್’ ಮಾಡಿ ಹೊಸ ಕರ್ನಲ್‌ಗೂ ಸರಿಯಾದ ಗಾತ್ರದ ಫೈಲ್ ಬಂದಿದೆಯಾ ನೋಡಿ. ಕೊನೆಗೆ ಅಪ್‌ಡೇಟ್-ಗ್ರಬ್.

ಕಾಳಿ_ದಂಡೆ
ಇನಿಟ್‌ರಾಮ್‌ಎಫ್‌ಎಸ್ (ಅದೇ ಇನಿಟ್‌ಆರ್‌ಡಿ) ಕಾನ್ಫಿಗ್‌ನಲ್ಲಿ ‘ಮಾಡ್ಯೂಲ್ಸ್=ಡೆಪ್’ ಮಾಡಿದರೆ ಫೈಲ್ ಚಿಕ್ಕದಾಗುತ್ತೆ, ಜಾಗದ ಚಿಂತೆಯೇ ಇಲ್ಲ.

ಹಳೇಕಬ್ಬಿಣ
ಚಿಕ್ಕದಾಗುತ್ತೆ, ಸರಿ. ಆದರೆ ‘ಡೆಪ್’ ಅಂದ್ರೆ ಈ ಮೆಷಿನ್‌ಗೆ ಇವತ್ತು ಬೇಕಾದ ಡ್ರೈವರ್ ಮಾತ್ರ. ನಾಳೆ ಪರ್ಕ್ ಕಾರ್ಡ್ ಕೆಟ್ಟು ಬೇರೆ ಕಾರ್ಡ್ ಹಾಕಿದರೆ, ಅಥವಾ ಡಿಸ್ಕನ್ನು ಇನ್ನೊಂದು ಮೆಷಿನ್‌ಗೆ ಹಾಕಿದರೆ ಮತ್ತೆ ಬೂಟ್ ಇಲ್ಲ. ಹಳೇ ಹಾರ್ಡ್‌ವೇರ್‌ನಲ್ಲಿ ಇಂಥದ್ದು ಆಗೇ ಆಗುತ್ತೆ. ‘ಮೋಸ್ಟ್’ (ಹೆಚ್ಚಿನ ಡ್ರೈವರ್ ಎಲ್ಲ) ಇರಲಿ, ಎರಡೇ ಕರ್ನಲ್ ಇಟ್ಟುಕೊಳ್ಳಿ.

ತೋಟದ್ಮನೆ
ಪರ್ಜ್ ಆಯ್ತು, ಹೊಸ ಇನಿಟ್‌ಆರ್‌ಡಿ ಬಂತು, ಹೊಸ ಕರ್ನಲ್‌ನಲ್ಲೇ ಬೂಟ್ ಆಯ್ತು. ಆದರೆ ‘ಆಪ್ಟ್ ಅಪ್‌ಡೇಟ್’ ಕೊಟ್ಟರೆ ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಅನ್ನುತ್ತೆ. ತಾರೀಖು ನೋಡಿದರೆ ಎರಡು ವರ್ಷ ಹಿಂದಿದೆ. ಬಯಾಸ್‌ಗೆ ಹೋಗಿ ನೋಡಿದರೆ ಅಲ್ಲಿ 2000! ಎರಡು ಕಡೆ ಎರಡು ತಾರೀಖು ಹೇಗೆ?

ಹಳೇಕಬ್ಬಿಣ
ಸಿಮಾಸ್ ಬ್ಯಾಟರಿ (ಬಯಾಸ್‌ನ ಗಡಿಯಾರ, ಸೆಟ್ಟಿಂಗ್ ಉಳಿಸುವ ಸೆಲ್ಲು) ಸತ್ತಿದೆ. ಸಿಆರ್2032, 3 ವೋಲ್ಟ್, ನಾಣ್ಯದಂಥದ್ದು. ಕರೆಂಟು ಇರುವಷ್ಟು ದಿನ ಗೊತ್ತಾಗಲ್ಲ, ಪ್ಲಗ್ ಕಿತ್ತ ಹಾಗಾದ ಕೂಡಲೇ ಬಯಾಸ್ ಎಲ್ಲ ಮರೆತು ಹೋಗುತ್ತೆ. ಲಿನಕ್ಸ್ ಏಳುವಾಗ ಸಿಸ್ಟಮ್‌ಡಿ (ಉಳಿದೆಲ್ಲ ಸೇವೆ ಶುರು ಮಾಡುವ ಪ್ರೋಗ್ರಾಂ) ಗಡಿಯಾರ ನೋಡುತ್ತೆ. ತಾನು ತಯಾರಾದ ದಿನಕ್ಕಿಂತ ಹಿಂದಿನ ತಾರೀಖು ಕಂಡರೆ ನಂಬುವುದಿಲ್ಲ, ತನ್ನ ತಯಾರಿಯ ದಿನಕ್ಕೆ ಗಡಿಯಾರ ಮುಂದೆ ತಳ್ಳುತ್ತೆ. ಹಾಗಾಗಿ ಎರಡು ತಾರೀಖು. ಆಪ್ಟ್ ಇವತ್ತಿನ ರಿಲೀಸ್ ಫೈಲ್ ನೋಡಿ ‘ಇದು ಇನ್ನೂ ಹುಟ್ಟಿಲ್ಲ’ ಅನ್ನುತ್ತಿದೆ.

ಸದ್ಯಕ್ಕೆ ‘ಡೇಟ್ ಮೈನಸ್ ಎಸ್’ ಕೊಟ್ಟು ತಾರೀಖು ಸರಿ ಮಾಡಿ, ‘ಎಚ್‌ಡಬ್ಲ್ಯೂಕ್ಲಾಕ್ ಸಿಸ್ಟೊಎಚ್‌ಸಿ’ ಕೊಡಿ. ಬ್ಯಾಟರಿ ಬದಲಿಸಿದ ಮೇಲೆ ಬಯಾಸ್‌ನಲ್ಲಿ ‘ಎಫ್1/ಎಫ್2 ಪ್ರಾಂಪ್ಟ್ ಆನ್ ಎರರ್’ ಅನ್ನು ಡಿಸೇಬಲ್ ಮಾಡಿ. ಇಲ್ಲದಿದ್ದರೆ ಸಣ್ಣ ಎರರ್‌ಗೂ ‘ಎಫ್1 ಒತ್ತಿ’ ಅಂತ ರಾತ್ರಿಯಿಡೀ ಕಾಯುತ್ತಾ ನಿಂತಿರುತ್ತೆ, ಅಲ್ಲಿ ಒತ್ತಲು ಯಾರಿದ್ದಾರೆ?

ಅಘನಾಶಿನಿ
ಬ್ಯಾಟರಿ ವಿಷಯಕ್ಕೆ ಒಂದು ಸೇರಿಸುತ್ತೇನೆ. ನಮ್ಮಲ್ಲೊಂದು ಚಿಕ್ಕ ಸರ್ವರ್ ಬ್ಯಾಟರಿ ಸತ್ತಾಗ ಯುಇಎಫ್‌ಐ ಮೋಡಿನಿಂದ (ಹೊಸ ಬೂಟ್ ವಿಧಾನ) ಲೆಗಸಿಗೆ (ಹಳೇದು) ವಾಪಸ್ ಹೋಗಿತ್ತು. ‘ಬೂಟ್ ಡಿವೈಸ್ ಇಲ್ಲ’ ಅಂತ ಒಂದೇ ಹಟ. ಡಿಸ್ಕ್ ಹೋಯ್ತು ಅಂತ ಹೊಸದಕ್ಕೆ ಆರ್ಡರ್ ಕೂಡ ಮಾಡಿದ್ದರು. ಸಾಟಾ ಮೋಡ್ ಎಎಚ್‌ಸಿಐ ಇಂದ ರೇಡ್‌ಗೆ ಹಾರಿ ಡಿಸ್ಕ್ ಕಾಣೆಯಾಗುವುದೂ ಉಂಟು. ಅದಕ್ಕೇ ಬಯಾಸ್‌ನ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದು ಇಡಿ.

ತೋಟದ್ಮನೆ
ಶಿರಸಿಯಲ್ಲಿ 2032 ಎಲ್ಲಿ ಸಿಗಬಹುದು? ಕಂಪ್ಯೂಟರ್ ಅಂಗಡಿಯಲ್ಲಿ ಸ್ಟಾಕಿಲ್ಲ ಅಂದರು.

ಕಾಳಿ_ದಂಡೆ
ವಾಚ್ ರಿಪೇರಿ ಅಂಗಡಿ. ಅಥವಾ ಮೆಡಿಕಲ್ ಶಾಪ್, ತೂಕದ ಯಂತ್ರಕ್ಕೆ ಬಹಳ ಕಡೆ ಅದೇ ಸೆಲ್ಲು.

ಯಾಣ_ಬಂಡೆ
ಎಲ್ಲ ಸರಿ, ಲೆಕ್ಕ ಹೇಳಿ. ಆ ಮೆಷಿನ್ ಸುಮ್ನೆ ಕೂತರೂ 150 ವ್ಯಾಟ್ ತಿನ್ನುತ್ತೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. ನಿಮ್ಮ ದರದಿಂದ ಗುಣಿಸಿ, ವರ್ಷಕ್ಕೆ ಗುಣಿಸಿ. ಮಿನಿ ಪಿಸಿ ಒಂದು ಬರುತ್ತೆ. ಮೇಲಾಗಿ ಪರ್ಕ್ 6/ಐ 2 ಟಿಬಿಗಿಂತ ದೊಡ್ಡ ಡಿಸ್ಕ್ ತಗೊಳ್ಳಲ್ಲ. ನಿಮ್ಮ ಆಡಿಯೋ ಬೆಳೆಯುತ್ತಾ ಹೋಗುತ್ತಲ್ಲ?

ಹಳೇಕಬ್ಬಿಣ
ಇದನ್ನು ಒಪ್ಪುತ್ತೇನೆ, 2 ಟಿಬಿ ಮಿತಿ ನಿಜ. ಕಾರ್ಡ್ ಬದಲಿಸಿ ಪರ್ಕ್ ಎಚ್700 ಹಾಕಿದರೆ ಆ ಮಿತಿ ಹೋಗುತ್ತೆ. ಆದರೆ ಮಿನಿ ಪಿಸಿಯಲ್ಲಿ ಇಸಿಸಿ (ತಪ್ಪು ತಾನೇ ತಿದ್ದುವ) ಮೆಮೊರಿ ಎಲ್ಲಿದೆ? ಎರಡು ಪವರ್ ಸಪ್ಲೈ ಎಲ್ಲಿದೆ?

ಯಾಣ_ಬಂಡೆ
ಎರಡು ಪವರ್ ಸಪ್ಲೈ ಒಂದೇ ಪ್ಲಗ್ ಬೋರ್ಡಿಗೆ ಚುಚ್ಚಿರುತ್ತಾರೆ, ನೋಡಿದ್ದೇನೆ.

ತೋಟದ್ಮನೆ
...ನಮ್ಮದೂ ಹಾಗೇ ಇದೆ. ಸದ್ಯಕ್ಕೆ ದುಡ್ಡಿಲ್ಲ, ಇದರಲ್ಲೇ ಓಡಿಸುತ್ತೇವೆ. ಕಮಿಟಿ ಮುಂದೆ ಮಿನಿ ಪಿಸಿ ಲೆಕ್ಕವನ್ನೂ ಇಡುತ್ತೇನೆ. ಡಿಸ್ಕ್ ಆರೋಗ್ಯ ನೋಡುವುದು ಹೇಗೆ? ಸ್ಮಾರ್ಟ್‌ಸಿಟಿಎಲ್ ಕೊಟ್ಟರೆ ಏನೂ ತೋರಿಸಲ್ಲ.

ಅಘನಾಶಿನಿ
ರೇಡ್ ಕಾರ್ಡ್ ಹಿಂದಿನ ಡಿಸ್ಕ್ ನೇರ ಕಾಣಲ್ಲ. ‘ಮೈನಸ್ ಡಿ ಮೆಗಾರೇಡ್,0’ ಸೇರಿಸಿ ಕೊಡಿ, ಆಮೇಲೆ 1, 2 ಹೀಗೆ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ) ಏರುತ್ತಿದ್ದರೆ ಆ ಡಿಸ್ಕ್ ಬದಲಿಸಿ. ಬಿಸಿಲು ಬಂದ ಭಾನುವಾರ ನೋಡಿ, ಎಲ್ಲರೂ ಇರುವಾಗ, ಒಮ್ಮೆ ಬೇಕಂತಲೇ ರೀಬೂಟ್ ಮಾಡಿ. ಯುಎಸ್‌ಬಿ ಡಿಸ್ಕ್ ಕಿತ್ತು ಒಮ್ಮೆ, ಹಾಕಿ ಒಮ್ಮೆ.

ಹೊನ್ನಾವರ_ಲೋಕಲ್
ನಂದೂ ಬೂಟ್ ಆಗ್ತಿಲ್ಲ. ‘ಗ್ರಬ್ ರೆಸ್ಕ್ಯೂ’ ಅಂತ ಬಂದು ನಿಂತಿದೆ. ಸಾಫ್ಟ್‌ವೇರ್ ರೇಡ್ 1 (ಎರಡು ಡಿಸ್ಕಿನಲ್ಲೂ ಒಂದೇ ನಕಲು), ಮೊದಲ ಡಿಸ್ಕ್ ಹೋಗಿದೆ. ರೇಡ್ ಇದ್ದರೂ ಯಾಕೆ ಹೀಗೆ?

ಹಳೇಕಬ್ಬಿಣ
ಗ್ರಬ್ ಅನ್ನು ಮೊದಲ ಡಿಸ್ಕಿಗೆ ಮಾತ್ರ ಹಾಕಿರುತ್ತೀರಿ, ಅಥವಾ ಎರಡನೆಯದರಲ್ಲಿ ಹಳೇದು ಕೂತಿದೆ. ಎಂಡಿಆ್ಯಡಮ್ (ಸಾಫ್ಟ್‌ವೇರ್ ರೇಡ್ ನಡೆಸುವ ಉಪಕರಣ) ಪಾರ್ಟಿಶನ್ ನಕಲು ಮಾಡುತ್ತೆ, ಅದರ ಹೊರಗಿನ ಬೂಟ್ ಸೆಕ್ಟರ್ ನಕಲು ಮಾಡಲ್ಲ. ಲೈವ್ ಯುಎಸ್‌ಬಿಯಿಂದ ಎದ್ದು, ಅರೇ ಜೋಡಿಸಿ, ಸಿಎಚ್‌ರೂಟ್ ಆಗಿ (ಡಿಸ್ಕಿನಲ್ಲಿರುವ ಸಿಸ್ಟಮ್ ಒಳಗೆ ಹೋಗಿ) ಎರಡನೇ ಡಿಸ್ಕಿಗೆ ‘ಗ್ರಬ್-ಇನ್‌ಸ್ಟಾಲ್’ ಮಾಡಿ. ಹೊಸ ಡಿಸ್ಕ್ ಹಾಕಿದ ಮೇಲೆ ಅದಕ್ಕೂ ಮಾಡಿ. ಇನ್ನೇನಾದರೂ ಇದ್ದರೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಕಲಸುಮೇಲೋಗರ ಆಗುತ್ತೆ.

ಕರಿಇಷಾಡ
ಅದಿರಲಿ, ತೆಂಕಿನ ಆಡಿಯೋ ಯಾವಾಗ ಹಾಕುತ್ತೀರಿ?